ಥೇನ್ ಹಲ್ಲು ಕೀಳಿಸಿಕೊಂಡ ಡಿಸೆಂಬರ್

ಕಾಲೇಜಿನ ಪರೀಕ್ಷೆ ಮುಗಿಸಿ ಚಳಿಗಾಲದ ರಜೆಗೆ ಊರಿಗೆ ಬಂದಾಗ ಥೇನ್ ಮಾರ್ಟೆನ್ಸನ್‌ನ ಬಲಗೆನ್ನೆ ಎಡಗೆನ್ನೆಯ ಎರಡರಷ್ಟಾಗಿತ್ತು. ಲೋಗನ್‌ನಿಂದ ಸ್ಯಾನ್‌ಪೀಟ್ ಕಣಿವೆಗೆ ಮೂರೂವರೆ ಗಂಟೆಯ ದಾರಿ. ಅಷ್ಟು ಹೊತ್ತೂ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು, ಎದುರಿಗೆ ಸಿಕ್ಕ ಹಿಮ ತಳ್ಳುವ ಲಾರಿಗಳಿಗೆಲ್ಲ ಬೈಯುತ್ತ ಬಂದಿದ್ದ. ಅವುಗಳಲ್ಲಿ ಒಂದನ್ನು ಅವನ ಅಪ್ಪನೇ ಓಡಿಸುತ್ತಿದ್ದಿರಬಹುದು. ಅಪ್ಪನ ಉದ್ಯೋಗ ಅದೇ.

ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ದೂರ ದೇಶದಲ್ಲಿರಬೇಕಾದ ತಮ್ಮ ಜೇರಮ್ ನಿಂತಿದ್ದ. ಬಿಳಿ ಶರ್ಟು, ಕಪ್ಪು ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ, ತಲೆಯ ಮೇಲೆ ಕೆಂಪು ಕ್ರಿಸ್‌ಮಸ್ ಟೋಪಿ. ಥೇನ್‌ಗೆ ಎದೆ ಧಸಕ್ಕೆಂದಿತು. ಎರಡು ಹೆಜ್ಜೆ ಹತ್ತಿರ ಹೋದ ಮೇಲೆ ಗೊತ್ತಾಯಿತು, ರಟ್ಟು. ಧರ್ಮ ಸಾರಲು ಮಿಷನ್‌ಗೆ ಹೋದ ಮಗನ ಆಳೆತ್ತರದ ಫೋಟೋವನ್ನು ರಟ್ಟಿಗೆ ಅಂಟಿಸಿ, ಅಂಚು ಕತ್ತರಿಸಿ, ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ಇಲ್ಲಿನ ತಾಯಂದಿರಿಗೆ ಅಂಟಿದ ಹುಚ್ಚು. ಮದುವೆಯ ಫೋಟೋದಲ್ಲಿ ವಧೂವರರ ಪಕ್ಕ ಮೂರು ನಾಲ್ಕು ರಟ್ಟಿನ ಹುಡುಗರು ಹಲ್ಲು ಕಿರಿಯುತ್ತ ನಿಂತಿರುತ್ತಾರೆ, ಯಾರೂ ನಗುವುದಿಲ್ಲ.

"ಅಮ್ಮಾ, ಇದೇನಿದು?"

"ಚೆನ್ನಾಗಿದೆ ಅಲ್ವಾ? ಪ್ರೋವೋದಲ್ಲಿ ಮಾಡ್ಸಿದ್ದು," ಎನ್ನುತ್ತ ಅಡುಗೆಮನೆಯಿಂದ ಬಂದ ಅಮ್ಮ ಜನೀಲ್, ಮಗನ ಮುಖ ನೋಡಿ ನಿಂತಲ್ಲೇ ನಿಂತಳು. "ನಿನ್ನ ಮುಖಕ್ಕೇನಾಯ್ತೋ? ಯಾರ ಹತ್ರ ಒದೆ ತಿಂದು ಬಂದೆ?"

"ಹಲ್ಲು."

"ಎಷ್ಟು ದಿನದಿಂದ?"

"ಹತ್ತು ದಿನ ಆಯ್ತು."

"ಹತ್ತು ದಿನ! ಲೋಗನ್‌ನಲ್ಲಿ ಹಲ್ಲಿನ ಡಾಕ್ಟ್ರಿಗೆ ಬರಗಾಲ ಬಂದಿತ್ತಾ?"

"ಪರೀಕ್ಷೆ ಇತ್ತಮ್ಮ."

"ಮಣ್ಣಿನ ಪರೀಕ್ಷೆ," ಎಂದಳು ಅಮ್ಮ. ಥೇನ್ ಓದುತ್ತಿದ್ದದ್ದು ಮಣ್ಣಿನ ವಿಷಯ. ಆ ಮಾತನ್ನು ಅವಳು ಹೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಮಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ, ಎರಡು ವರ್ಷ ಬಿಟ್ಟು ಓದಿದರೂ ಅಲ್ಲೇ ಇರುತ್ತದೆ ಎಂದು.

ಆ ಎರಡು ವರ್ಷವೇ ಈ ಮನೆಯ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಮಾರ್ಮನ್ ಪಂಥದ ಮನೆಯ ಹುಡುಗ ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಯಾವುದೋ ದೇಶಕ್ಕೆ ಹೋಗಿ, ಗುರುತಿಲ್ಲದವರ ಬಾಗಿಲು ತಟ್ಟಿ ಧರ್ಮ ಹೇಳಿ ಬರುತ್ತಾನೆ. ಇದಕ್ಕೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಥೇನ್‌ಗೆ ಇಪ್ಪತ್ತೊಂದು. ಅವನ ಓರಗೆಯವರು ಹೋಗಿ, ಬಂದು, ಮದುವೆಯಾಗಿ, ಕೆಲವರು ತೊಟ್ಟಿಲನ್ನೂ ಕಟ್ಟಿದ್ದರು. ತಮ್ಮ ಜೇರಮ್ ಅಣ್ಣನನ್ನು ಹಿಂದೆ ಹಾಕಿ ಹದಿನಾಲ್ಕು ತಿಂಗಳ ಹಿಂದೆ ಮಡಗಾಸ್ಕರ್‌ಗೆ ಹೋಗಿದ್ದ. ಎಪ್ಪತ್ತೊಂದು ವರ್ಷದ ಅಜ್ಜಿ ಆರ್ವಿಲ್ಲಾ ಕೂಡ, ಅಜ್ಜ ಸತ್ತ ಮೇಲೆ ಸುಮ್ಮನೆ ಕೂರಲಾರೆ ಎಂದು ಮುದುಕರ ಮಿಷನ್‌ಗೆ ಹೆಸರು ಕೊಟ್ಟು ಡೆನ್ಮಾರ್ಕಿನಲ್ಲಿದ್ದಳು. ಮಾರ್ಟೆನ್ಸನ್ ಮನೆತನವನ್ನು ಮಿಷನರಿಗಳು ಒಂದು ಕಾಲದಲ್ಲಿ ಡೆನ್ಮಾರ್ಕಿನಿಂದಲೇ ಹೊರಡಿಸಿಕೊಂಡು ಬಂದಿದ್ದರು. ಈಗ ಅಜ್ಜಿ ಅಲ್ಲಿಗೇ ಹೋಗಿ, ಅವತ್ತು ಹೊರಡದೆ ಉಳಿದವರ ಮರಿಮಕ್ಕಳ ಬಾಗಿಲು ತಟ್ಟುತ್ತಿದ್ದಳು. ಅವರು ತೆರೆಯುತ್ತಿರಲಿಲ್ಲ. 'ನಮ್ಮ ನೆಂಟರೇ ಅಲ್ವಾ, ಮೊಂಡುತನ ರಕ್ತದಲ್ಲಿದೆ' ಎಂದು ಬರೆದಿದ್ದಳು.

ಇನ್ನು ಮರೆನ್. ಇಲ್ಲಿನ ಪದ್ಧತಿಯಲ್ಲಿ ಹುಡುಗ ಮಿಷನ್‌ಗೆ ಹೋಗುತ್ತಾನೆ, ಹುಡುಗಿ ಕಾಯುತ್ತೇನೆ ಎನ್ನುತ್ತಾಳೆ, ಎಂಟು ತಿಂಗಳಿಗೆ ಬೇರೆ ಯಾರನ್ನೋ ಮದುವೆಯಾಗುತ್ತಾಳೆ. ಥೇನ್‌ನ ಹಣೆಬರಹದಲ್ಲಿ ಹುಡುಗಿ ಪೆರುವಿಗೆ ಹೋಗಿದ್ದಳು, ಹುಡುಗ ಕಾಯುತ್ತಿದ್ದ. ಪ್ರತಿ ಸೋಮವಾರ ಅವಳಿಂದ ಇ-ಮೇಲ್ ಪತ್ರ ಬರುತ್ತಿತ್ತು, ಒಟ್ಟಿಗೆ ನೂರಾ ನಲವತ್ತು ಜನಕ್ಕೆ. ಆ ನೂರಾ ನಲವತ್ತರಲ್ಲಿ ಅವನೂ ಒಬ್ಬ.

ಥೇನ್ ಯಾಕೆ ಹೋಗಲಿಲ್ಲ ಎಂದರೆ, ಅವನೇನು ದೊಡ್ಡ ನಾಸ್ತಿಕನಲ್ಲ. ಧರ್ಮ ಬೇಡವೆಂದ ಕಾಫಿಯನ್ನು ಕಾಲೇಜಿನಲ್ಲಿ ಕದ್ದು ಕುಡಿಯುತ್ತಿದ್ದ, ಅವನ ಪಾಪದ ಪಟ್ಟಿ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮಿಷನರಿಯಾದವನು ಬಾಗಿಲಲ್ಲಿ ನಿಂತು 'ಇದು ಸತ್ಯ ಅಂತ ನನಗೆ ಗೊತ್ತು' ಎನ್ನಬೇಕು. ಥೇನ್‌ಗೆ ಗೊತ್ತಿರಲಿಲ್ಲ. ಇರಬಹುದು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅಷ್ಟೇ. 'ಇರಬಹುದು' ಎಂದು ಹೇಳಿಬರಲು ಯಾರೂ ಟಿಕೆಟ್ ಕೊಡುವುದಿಲ್ಲ. ಮೂರು ವರ್ಷದ ಹಿಂದೆ ಅರ್ಜಿ ಅರ್ಧ ತುಂಬಿಸಿ ಹಾಗೇ ಬಿಟ್ಟಿದ್ದ.

ಸೋಮವಾರ ಬೆಳಿಗ್ಗೆ ಅಮ್ಮ ಅವನನ್ನು ಕಾರಿಗೆ ಹೇರಿಕೊಂಡು ಹಲ್ಲಿನ ಡಾಕ್ಟರ್ ಬ್ಯಾಗ್ಲಿಯವರ ಹತ್ತಿರ ಕರೆದೊಯ್ದಳು. ಅವರು ಬಾಯೊಳಗೆ ದೀಪ ಬಿಟ್ಟು ನೋಡಿ ಶಿಳ್ಳೆ ಹಾಕಿದರು.

"ನಾಲ್ಕೂ ಬುದ್ಧಿಹಲ್ಲು ತೆಗೀಬೇಕು ಜನೀಲ್. ಒಂದು ಕೊಳೆತಿದೆ. ಇನ್ನು ಮೂರು ಕೊಳೆಯೋಕೆ ಸಾಲಾಗಿ ಕಾಯ್ತಾ ಕೂತಿದಾವೆ."

ಒಂದೂವರೆ ಗಂಟೆಯ ನಂತರ ಥೇನ್ ಎರಡೂ ದವಡೆಗೆ ಹತ್ತಿ ತುರುಕಿಸಿಕೊಂಡು, ತಲೆಯ ಸುತ್ತ ಐಸಿನ ಪಟ್ಟಿ ಕಟ್ಟಿಸಿಕೊಂಡು, ಅಮ್ಮನ ಭುಜ ಹಿಡಿದು ಹೊರಗೆ ಬಂದ. ಹೊರಗಿನ ಕುರ್ಚಿಯಲ್ಲಿ ಮೊಮ್ಮಗನ ಹಲ್ಲು ತೋರಿಸಲು ಲುಡೀನ್ ಹ್ಯಾನ್ಸನ್ ಕೂತಿದ್ದಳು. ಎದುರುಮನೆಯವಳು, ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ, ಊರಿನಲ್ಲಿ ಪತ್ರಿಕೆ ನಿಂತುಹೋದರೂ ಅದರ ಕೊರತೆ ಕಾಣದಂತೆ ನೋಡಿಕೊಂಡವಳು.

ಲುಡೀನ್ ಎದ್ದು ನಿಂತಳು. ಥೇನ್‌ನ ಊದಿದ ಕೆನ್ನೆಗಳನ್ನು ನೋಡಿದಳು. ಕೈ ಎದೆಯ ಮೇಲೆ ಹೋಯಿತು.

"ನಾಲ್ಕೂ ತೆಗೆದ್ರಾ?"

"ನಾಲ್ಕೂ," ಎಂದಳು ಅಮ್ಮ.

"ಓ ಜನೀಲ್!" ಎಂದು ಲುಡೀನ್ ಅಮ್ಮನನ್ನು ಬಾಚಿ ತಬ್ಬಿಕೊಂಡು, ಅವಳ ಕೋಟಿನ ಮೇಲೆ ಗಳಗಳ ಅತ್ತಳು.

ಹಲ್ಲು ಕೀಳಿಸಿದ್ದಕ್ಕೆ ಯಾರಾದರೂ ಹೀಗೆ ಅಳುತ್ತಾರೆಯೇ ಎಂದು ಬೇರೆ ಊರಿನವರು ಕೇಳಬಹುದು. ಈ ಊರಿನಲ್ಲಿ ಅಳುತ್ತಾರೆ. ಕಾಡು ದೇಶದಲ್ಲಿ ಹಲ್ಲುನೋವು ಬಂದು ದೇವರ ಕೆಲಸ ನಿಲ್ಲಬಾರದೆಂದು, ಮಿಷನ್ ಅರ್ಜಿ ಹಾಕುವ ಮೊದಲು ಬುದ್ಧಿಹಲ್ಲು ತೆಗೆಸಿ ಹಲ್ಲಿನ ಡಾಕ್ಟರ ಸಹಿ ತರಬೇಕು. ಬುದ್ಧಿ ಬರುವ ಮೊದಲೇ ಹಲ್ಲು ಕಿತ್ತು ಕಳಿಸಿಬಿಡುತ್ತಾರೆ ಎಂದು ಥೇನ್ ಒಮ್ಮೆ ಊಟದ ಮೇಜಿನಲ್ಲಿ ಹೇಳಿ ಅಮ್ಮನಿಂದ ಸೌಟಿನ ಏಟು ತಿಂದಿದ್ದ. ಆ ಪ್ರಾಯದ ಹುಡುಗ ಕೆನ್ನೆ ಊದಿಸಿಕೊಂಡು ಓಡಾಡಿದರೆ ಊರಿಗೆ ಬೇರೆ ಡಂಗುರ ಬೇಕಾಗಿಲ್ಲ. ಅರ್ಜಿ ಹೋಗುತ್ತಿದೆ ಎಂದೇ ಅರ್ಥ.

ಮಧ್ಯಾಹ್ನದ ಹೊತ್ತಿಗೆ ಎದುರುಮನೆಯಿಂದ ಮೊದಲ ಜೆಲ್ಲಿ ಬಂತು. ಹಸಿರು ಜೆಲ್ಲಿ, ಒಳಗೆ ತುರಿದ ಕ್ಯಾರೆಟ್. ಸಂಜೆಯೊಳಗೆ ಇನ್ನೂ ಐದು. ಜೊತೆಗೆ ಸಾವಿನ ಮನೆಗೆ ಮಾಡಿ ಕಳಿಸುವ ಚೀಸ್ ಆಲೂಗಡ್ಡೆಯ ದೊಡ್ಡ ತಟ್ಟೆಗಳು ಎರಡು. ಥೇನ್ ಮಾತ್ರೆಯ ಮಂಪರಿನಲ್ಲಿ ಸೋಫಾದ ಮೇಲೆ ಬಿದ್ದುಕೊಂಡು, ಯಾಕೆ ಎಲ್ಲರೂ ತನ್ನ ಕೈ ಕುಲುಕುತ್ತಿದ್ದಾರೆ, ಯಾಕೆ ಟೈ ಕೊಡುತ್ತಿದ್ದಾರೆ ಎಂದು ಯೋಚಿಸಿದ. ಎರಡು ದಿನದಲ್ಲಿ ಹನ್ನೊಂದು ಟೈ ಆದವು. ಒಂದರ ಮೇಲೆ ಟರ್ಕಿ ಕೋಳಿಯ ಚಿತ್ರವಿತ್ತು, ಕೊಟ್ಟವರು ಟರ್ಕಿ ಸಾಕುವವರು.

ಬುಧವಾರ ಊರ ಚರ್ಚಿನ ಸಂಬಳವಿಲ್ಲದ ಬಿಷಪ್ ಶಮ್‌ವೇ ಬಂದರು. ವಾರದಲ್ಲಿ ಆರು ದಿನ ಟೈರ್ ಮಾರುತ್ತಾರೆ, ಏಳನೆಯ ದಿನ ಆತ್ಮಗಳ ಗಾಳಿ ನೋಡುತ್ತಾರೆ. ಸೋಫಾದ ಪಕ್ಕ ಮಂಡಿಯೂರಿ ಕೂತು ಪಿಸುಮಾತಿನಲ್ಲಿ ಹೇಳಿದರು.

"ನಾನು ಒತ್ತಾಯ ಮಾಡಲ್ಲಪ್ಪ. ನಿನ್ನ ಸಮಯ ನಿನ್ನದು. ಜನವರಿ ಐದು, ಭಾನುವಾರ, ಸಂಜೆ ನಾಲ್ಕಕ್ಕೆ ನನ್ನ ಆಫೀಸಿಗೆ ಬಾ. ಅವತ್ತೇ ಅರ್ಜಿ ಕಳಿಸಿಬಿಡೋಣ."

ಆಗ ಥೇನ್‌ಗೆ ಅರ್ಥವಾಯಿತು. ಬಾಯಿ ತೆರೆದ. ಬಾಯಿಯಿಂದ ಬಂದದ್ದು ಒಂದು ಹತ್ತಿಯ ಉಂಡೆ ಮತ್ತು ಸ್ವಲ್ಪ ರಕ್ತ. ಬಿಷಪ್ಪರು ಅವನ ಭುಜ ತಟ್ಟಿ, "ಮಾತಾಡಬೇಡ, ನಂಗೆ ಗೊತ್ತು," ಎಂದು ಕಣ್ಣೊರೆಸಿಕೊಂಡು ಹೋದರು.

ಮೊದಲ ಮೂರು ದಿನ ಅವನು ಸುಮ್ಮನಿದ್ದದ್ದು ಬಾಯಿ ಊದಿದ್ದರಿಂದ. ಅದು ತಪ್ಪಲ್ಲ. ಆಮೇಲೂ ಸುಮ್ಮನಿದ್ದದ್ದು ಮಾತ್ರ ಅಮ್ಮನ ದೆಸೆಯಿಂದ. ಅಮ್ಮ ಅಡುಗೆಮನೆಯಲ್ಲಿ ಹಾಡುತ್ತಿದ್ದಳು. ಮೂರು ವರ್ಷದಿಂದ ಅವಳು ಹಾಡಿದ್ದನ್ನು ಅವನು ಕೇಳಿರಲಿಲ್ಲ. ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುತ್ತಿದ್ದಳು. ಅಂಗಡಿಗೆ ಹೋದವಳು ಒಂದು ಗಂಟೆ ಮಾತಾಡಿ ಕೆಂಪೇರಿದ ಮುಖದಲ್ಲಿ ಬರುತ್ತಿದ್ದಳು. ಇನ್ನು ಸುದ್ದಿ ಪೆರುವಿಗೂ ಮುಟ್ಟಿ, ಗುರುವಾರ ಅಲ್ಲಿಂದ ಒಂದು ಪತ್ರ ಬಂತು. ನೂರಾ ನಲವತ್ತು ಜನಕ್ಕಲ್ಲ, ಅವನೊಬ್ಬನಿಗೇ. 'ನಂಗೆ ಯಾವಾಗಲೂ ಗೊತ್ತಿತ್ತು ಥೇನ್' ಎಂದು ಬರೆದಿದ್ದಳು ಮರೆನ್, ಕೊನೆಯಲ್ಲಿ ಒಂದು ಹೃದಯದ ಚಿತ್ರ. ಅದನ್ನು ಅವನು ಹದಿನೇಳು ಸಲ ಓದಿದ. ಇಲ್ಲ ಎಂದು ಬರೆಯಲು ಕೂತು, ಹೊರಗೆ ಎಷ್ಟು ಚಳಿಯಿದೆ ಎಂದು ಬರೆದು ಕಳಿಸಿದ.

ಭಾನುವಾರ ಚರ್ಚಿನಲ್ಲಿ ಅವನನ್ನು ನೋಡಿ ಮುದುಕರು ಎದ್ದು ನಿಂತು ಕೈ ಕೊಟ್ಟರು. ಯಾವ ದೇಶ ಸಿಗಬಹುದು ಎಂದು ಗಂಡಸರು ತಮ್ಮ ತಮ್ಮಲ್ಲೇ ವಾದ ಮಾಡಿದರು. ಕಾಫಿ ಬೆಳೆಯುವ ದೇಶವಾದರೆ ಅವನ ಕಷ್ಟ ದೇವರಿಗೇ ಗೊತ್ತು ಎಂದುಕೊಂಡ ಥೇನ್. ನಗು ಬರಲಿಲ್ಲ. ಬಾಯಿ ಬಿಡದೆ ಹೀಗೇ ಕೂತರೆ ಜನವರಿ ಐದಕ್ಕೆ ಅರ್ಜಿ ಹೋಗುತ್ತದೆ, ಅವನು ಎರಡು ವರ್ಷ ಗೊತ್ತಿಲ್ಲದ್ದನ್ನು ಗೊತ್ತು ಎನ್ನುತ್ತ ಅಲೆಯಬೇಕು. ಬಾಯಿ ಬಿಟ್ಟರೆ ಅಮ್ಮನ ಹಾಡು ನಿಲ್ಲುತ್ತದೆ. ಹೋಗಿಬಿಡೋಣ ಎಂದೇ ಆ ರಾತ್ರಿಯ ಹೊತ್ತಿಗೆ ಅವನು ಮುಕ್ಕಾಲು ಪಾಲು ನಿರ್ಧರಿಸಿದ್ದ. ಎರಡು ವರ್ಷ ತಾನೇ, ಜನ ಸೈನ್ಯಕ್ಕೂ ಹೋಗುತ್ತಾರೆ.

ಕ್ರಿಸ್‌ಮಸ್ ಬೆಳಿಗ್ಗೆ ಎಂಟಕ್ಕೆ ಮಿಷನರಿಗಳ ಫೋನು. ಹಿಂದಿನ ದಿನವಿಡೀ ಹಿಮ ಬಿದ್ದಿದ್ದರಿಂದ ಅಪ್ಪ ಲಾರಿ ತೆಗೆದುಕೊಂಡು ರಸ್ತೆಗೆ ಹೋಗಿದ್ದ. ಅಮ್ಮ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ರಟ್ಟಿನ ಜೇರಮ್‌ನನ್ನು ತಂದು ಪಕ್ಕದಲ್ಲಿ ನಿಲ್ಲಿಸಿ, ತುಟಿಗೆ ಬಣ್ಣ ಹಚ್ಚಿಕೊಂಡು ಕೂತಳು. ತೆರೆಯ ಒಂದು ಬದಿಯಲ್ಲಿ ನಿಜವಾದ ಜೇರಮ್ ಬಂದ. ರಟ್ಟಿಗಿಂತ ಹತ್ತು ಕಿಲೋ ಕಡಿಮೆಯಿದ್ದ. ಇನ್ನೊಂದು ಬದಿಯಲ್ಲಿ ಅಜ್ಜಿಯ ಹಣೆ ಮಾತ್ರ ಕಾಣಿಸುತ್ತಿತ್ತು.

"ಅಜ್ಜಿ, ಫೋನ್ ಸ್ವಲ್ಪ ಕೆಳಗೆ ಮಾಡಿ," ಎಂದ ಥೇನ್.

"ನನ್ನ ಹಣೆ ನೋಡಿದ್ರೆ ಸಾಕು, ಉಳಿದಿದ್ದೆಲ್ಲ ಜೋತುಬಿದ್ದಿದೆ," ಎಂದಳು ಅಜ್ಜಿ.

ಜೇರಮ್ ಕುರ್ಚಿಯಲ್ಲಿ ಕೂರಲಾರದೆ ಕೂತಿದ್ದ. "ಲೋ ಥೇನ್! ಅಮ್ಮ ಬರೆದಾಗ ನಾನು ಮೂರು ಸಲ ಓದ್ದೆ ಕಣೋ. ಇಲ್ಲಿ ಎಲ್ಲಾರ ಮನೇಲೂ ನಿನ್ನ ಕಥೆ ಹೇಳ್ತಿದೀನಿ. ದಾರಿ ಬಿಟ್ಟಿದ್ದ ನಮ್ಮಣ್ಣ ಕೊನೆಗೂ ವಾಪಸ್ ಬಂದ ಅಂತ. ಮೊನ್ನೆ ಒಬ್ಬಳು ಮುದುಕಿ ಕೇಳಿ ಕಣ್ಣೀರು ಹಾಕಿ ಒಂದು ಕೋಳಿ ಕೊಟ್ಟಳು!"

"ಆ ಕೋಳಿ ಏನಾಯ್ತು?" ಎಂದಳು ಅಜ್ಜಿ.

"ತಿಂದ್ವಿ."

ಸುಳ್ಳಿಗೆ ಒಂದು ಕೋಳಿಯೂ ಬಲಿಯಾಯಿತಲ್ಲ ಎಂದುಕೊಂಡ ಥೇನ್. ಜೇರಮ್ ಕ್ಯಾಮೆರಾದ ಹತ್ತಿರ ಬಂದು ದನಿ ತಗ್ಗಿಸಿದ. "ಇಲ್ಲಿ ಕೆಲವು ದಿನ ತುಂಬಾ ಕಷ್ಟ ಆಗತ್ತೆ ಕಣೋ. ಈಗ ನೀನೂ ಹೊರಡ್ತೀಯಲ್ಲ, ಇನ್ಮೇಲೆ ನಾನೊಬ್ನೇ ಅಂತ ಅನ್ಸಲ್ಲ."

ಅಮ್ಮ ಥೇನ್‌ನ ತೊಡೆಯ ಮೇಲೆ ಕೈಯಿಟ್ಟಳು. ಕೈ ತಣ್ಣಗಿತ್ತು.

"ಎಲ್ಲಾ ಮಾತಾಡ್ತಿದೀರಿ," ಎಂದಿತು ಅಜ್ಜಿಯ ಹಣೆ. "ಹಲ್ಲು ಕೀಳಿಸ್ಕೊಂಡೋನು ಮಾತ್ರ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಏ ಥೇನ್, ಹೊಲಿಗೆ ಬಿಚ್ಚಿದ್ರೋ ಇಲ್ವೋ?"

"ಬಿಚ್ಚಿದ್ರು ಅಜ್ಜಿ."

"ಹಾಗಾದ್ರೆ ನೀನೇ ಹೇಳು. ಹೊರಡ್ತಿದೀಯಾ?"

ಹೂಂ ಎಂದರೆ ಮುಗಿಯುತ್ತಿತ್ತು. ಒಂದು ಅಕ್ಷರ. ಆದರೆ ಅಜ್ಜಿ ಅಷ್ಟರಲ್ಲಿ ಫೋನನ್ನು ಕೆಳಗೆ ಮಾಡಿದ್ದಳು, ಅವಳ ಎರಡು ಕಣ್ಣೂ ಅವನನ್ನೇ ನೋಡುತ್ತಿದ್ದವು. ಆ ಕಣ್ಣಿಗೆ ಅವನು ಚಿಕ್ಕಂದಿನಲ್ಲೂ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ.

"ಇಲ್ಲ," ಎಂದ. "ಹಲ್ಲು ನೋಯ್ತಿತ್ತು, ಅದಕ್ಕೆ ತೆಗೆಸ್ದೆ. ಅರ್ಜಿ ಹಾಕ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಹಾಕಲ್ಲ ಅಂತಾನೂ ಹೇಳ್ಲಿಲ್ಲ, ಅದು ನನ್ನ ತಪ್ಪು. ಜೇರಮ್, ಸಾರಿ ಕಣೋ."

ಜೇರಮ್‌ನ ಮುಖ ಹಾಗೇ ನಿಂತಿತು. ನೆಟ್ ನಿಂತಿದೆಯೇನೋ ಎಂದು ಥೇನ್ ಒಂದು ಕ್ಷಣ ಆಸೆಪಟ್ಟ. ನೆಟ್ ನಿಂತಿರಲಿಲ್ಲ.

"ಓ," ಎಂದ ಜೇರಮ್. "ಹೌದಾ. ಪರವಾಗಿಲ್ಲ ಬಿಡು. ನೋವು ಹೋಯ್ತಲ್ಲ, ಅದೇ ಒಳ್ಳೇದು." ಆಮೇಲೆ ಯಾರನ್ನೋ ನೋಡುವವನಂತೆ ಆಚೆ ತಿರುಗಿ, "ಬೇರೆಯವರು ಫೋನಿಗೆ ಕಾಯ್ತಿದಾರಮ್ಮ. ಅಪ್ಪನಿಗೆ ಕೇಳಿದೆ ಅಂತ ಹೇಳು," ಎಂದು ಕಟ್ ಮಾಡಿದ.

"ಯಾರೋ ಒಬ್ಬನಾದ್ರೂ ನಿಜ ಹೇಳ್ದ," ಎಂದಳು ಅಜ್ಜಿ. "ಕ್ರಿಸ್‌ಮಸ್ ಶುಭಾಶಯ. ಜನೀಲ್, ಮಗು ಮೇಲೆ ಕೂಗಾಡ್ಬೇಡ." ಅವಳೂ ಹೋದಳು.

ಅಮ್ಮ ಕೂಗಾಡಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಥೇನ್ ಹಿಂದೆಯೇ ಹೋದಾಗ ಬನ್ನಿಗೆ ನಾದಿಟ್ಟ ಹಿಟ್ಟನ್ನು ಮೇಜಿಗೆ ಬಡಿಯುತ್ತಿದ್ದಳು, ಆ ಹಿಟ್ಟು ಏನೋ ಅಪರಾಧ ಮಾಡಿದಂತೆ.

"ಅಮ್ಮ, ನಾನು ಅವತ್ತೇ ಹೇಳ್ಬೇಕಿತ್ತು."

"ಡಾಕ್ಟ್ರ ಹತ್ರ ನಿನ್ನ ಕರ್ಕೊಂಡು ಹೋದವರು ಯಾರು?" ಎಂದಳು ಅಮ್ಮ, ತಿರುಗದೆ.

"ನೀನೇ."

"ನಿನ್ನ ಕೊಳೆತ ಹಲ್ಲನ್ನ ಅವರು ಬಟ್ಟಲಲ್ಲಿ ಹಾಕಿ ತೋರ್ಸಿದ್ದು ಯಾರಿಗೆ?"

"ನಿನಗೆ."

"ಹಾಗಾದ್ರೆ ನನಗೇನು ಗೊತ್ತಿರ್ಲಿಲ್ವಾ?"

ಒಂಬತ್ತು ದಿನ ಅವನು ಈ ಹೆಂಗಸಿನ ಹಾಡು ಕೇಳಿ ಕೇಳಿ ಒಳಗೊಳಗೇ ಬೆಂದಿದ್ದ. ಸಿಟ್ಟು ಬಂತು. "ಗೊತ್ತಿದ್ದೂ? ಬಿಷಪ್ ಬಂದು ಮಂಡಿಯೂರಿ ಕೂತ್ರಲ್ಲಮ್ಮ! ಹನ್ನೊಂದು ಟೈ! ಜೇರಮ್‌ಗೆ ಬರೆದದ್ದೂ ನೀನೇ!"

"ಹೌದು. ನಾನೇ." ಹಿಟ್ಟು ಬಿಟ್ಟು ತಿರುಗಿದಳು. ತುಟಿಯ ಬಣ್ಣ ಅರ್ಧ ಅಳಿಸಿತ್ತು. "ಲುಡೀನ್ ನನ್ನ ತಬ್ಕೊಂಡ್ಲಲ್ಲ, ಅವತ್ತು ಹೇಳೋಣ ಅಂತ ಬಾಯಿ ತೆಗ್ದೆ ಕಣೋ. ಮೂರು ವರ್ಷದಲ್ಲಿ ನಿನ್ನ ಹೆಸರು ಹೇಳಿ ಯಾರೂ ನನ್ನ ತಬ್ಕೊಂಡಿರ್ಲಿಲ್ಲ. ಎಲ್ರೂ 'ಥೇನ್ ಹೇಗಿದಾನೆ' ಅಂತ ಕಾಯಿಲೆಯವನ್ನ ಕೇಳೋ ಹಾಗೆ ಕೇಳ್ತಿದ್ರು. ಈ ಒಂದು ದಿನ ಇರ್ಲಿ, ನಾಳೆ ಹೇಳೋಣ ಅಂದ್ಕೊಂಡೆ. ನಾಡಿದ್ದು ಅಂದ್ಕೊಂಡೆ. ನೀನಾದ್ರೂ ಬಾಯಿ ಬಿಡ್ತೀಯ ಅಂದ್ಕೊಂಡೆ, ನೀನೂ ಬಿಡ್ಲಿಲ್ಲ. ಭಾನುವಾರ ಚರ್ಚಲ್ಲಿ ನಿನ್ನ ಮುಖ ನೋಡಿ ಹೆದರಿಕೆ ಆಯ್ತು. ನನಗೋಸ್ಕರ ಹೊರಟೇ ಬಿಡ್ತಾನೆ ಇವನು ಅಂತ."

"ಹೊರಡ್ತಿದ್ದೆ," ಎಂದ ಥೇನ್.

"ಗೊತ್ತು. ಒಬ್ಬ ಹಾಗೇ ಹೋಗಿದಾನೆ."

ಆ ಮಾತು ಹೇಳಿ ಅಮ್ಮ ತಾನೇ ಬೆಚ್ಚಿದವಳಂತೆ ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದಳು. ಹೊರಗೆ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಲುಡೀನ್, ಮೈತುಂಬ ಹಿಮ, ಎರಡೂ ಕೈಯಲ್ಲಿ ಎರಡು ದೊಡ್ಡ ಸೂಟ್‌ಕೇಸು. ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದಳು.

"ಕ್ರಿಸ್‌ಮಸ್ ಶುಭಾಶಯ! ನಮ್ಮ ಮೂರೂ ಗಂಡುಮಕ್ಕಳು ಮಿಷನ್‌ಗೆ ತಗೊಂಡು ಹೋಗಿದ್ದು ಇದನ್ನೇ. ಚಕ್ರ ಹೊಸದು ಹಾಕ್ಸಿದೀನಿ. ಥೇನ್, ಇದು ನಿನಗೆ."

ಥೇನ್ ಬಾಯಿ ತೆರೆಯುವ ಮೊದಲೇ ಅಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಲುಡೀನ್, ತಗೊಂಡು ಹೋಗಿ. ಇವನು ಹೊರಡ್ತಿಲ್ಲ. ಹಲ್ಲು ಕೊಳೆತಿತ್ತು, ಕೀಳಿಸಿದ್ವಿ. ಅವತ್ತೇ ನನಗೆ ಗೊತ್ತಿತ್ತು, ನಿಮಗೆ ಹೇಳ್ಲಿಲ್ಲ. ತಪ್ಪು ನಂದು, ಹುಡುಗಂದಲ್ಲ."

ಲುಡೀನ್ ಅಮ್ಮನನ್ನು ನೋಡಿದಳು, ಸೂಟ್‌ಕೇಸು ನೋಡಿದಳು, ಥೇನ್‌ನ ದವಡೆ ನೋಡಿದಳು. ಇಷ್ಟು ದೊಡ್ಡ ಸುದ್ದಿ ಕೈಗೆ ಬಂದಾಗ ಅದನ್ನು ಎಲ್ಲಿಂದ ಹಂಚಲು ಶುರುಮಾಡುವುದು ಎಂದು ಅವಳಿಗೂ ತೋಚಲಿಲ್ಲ.

"ಮುಂದಿನ ವರ್ಷಕ್ಕೆ ಬೇಕಾಗಬಹುದು, ಇಟ್ಕೊಂಡಿರಿ," ಎಂದಳು ಕೊನೆಗೆ, ಮೆಲ್ಲಗೆ.

"ಬೇಡ," ಎಂದಳು ಅಮ್ಮ. "ಅವನಿಗೆ ಬೇಕು ಅನ್ನಿಸಿದ್ರೆ ಅವನೇ ಬಂದು ಕೇಳ್ತಾನೆ. ನೀವು ಕೊಟ್ಟ ಜೆಲ್ಲಿ ಚೆನ್ನಾಗಿತ್ತು." ಬಾಗಿಲು ಹಾಕಿದಳು. ಲುಡೀನ್ ಹೊಸ ಚಕ್ರಗಳನ್ನು ಹಿಮದಲ್ಲಿ ಎಳೆದುಕೊಂಡು ಹೋಗುವ ಸದ್ದು ರಸ್ತೆ ದಾಟುವವರೆಗೂ ಕೇಳಿಸಿತು.

ಅಮ್ಮ ಫೋನ್ ತೆಗೆದು, ಹಿಟ್ಟು ಮೆತ್ತಿದ ಬೆರಳಲ್ಲಿ ಒತ್ತಿ, ಕಿವಿಗೆ ಹಿಡಿಯದೆ ಮೇಜಿನ ಮೇಲಿಟ್ಟಳು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಜೇರಮ್ ಎತ್ತಿದ, ಮೂಗು ಕಟ್ಟಿದ ದನಿಯಲ್ಲಿ.

"ಅಮ್ಮ? ಏನಾಯ್ತು? ಅಪ್ಪಂಗೇನಾದ್ರೂ..."

"ಯಾರಿಗೂ ಏನೂ ಆಗಿಲ್ಲ. ಒಂದು ಮಾತು ಕೇಳೋದಿತ್ತು. ನೀನು ಹೋಗಿದ್ದು ಯಾರಿಗೋಸ್ಕರ?"

ಆ ಕಡೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು.

"ಈಗ್ಯಾಕಮ್ಮ ಅದೆಲ್ಲ?"

"ಹೇಳು."

"ಥೇನ್ ಹೋಗಲ್ಲ ಅಂದ ದಿನ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನೀರಿನ ಸದ್ದಲ್ಲಿ ಕೇಳ್ಸಲ್ಲ ಅಂದ್ಕೊಂಡಿದ್ದೆ. ನನ್ನ ರೂಮು ಪಕ್ಕದಲ್ಲೇ ಅಲ್ವಾ."

ಥೇನ್ ಕುರ್ಚಿ ಎಳೆದು ಕೂತುಬಿಟ್ಟ. ತನ್ನ ಪಾಲಿನ ಎರಡು ವರ್ಷವನ್ನು ತಮ್ಮ ಹೊತ್ತುಕೊಂಡು ಹೋಗಿದ್ದ. ಅವನು ಇಲ್ಲಿ ಕೂತು ರಟ್ಟಿನ ತಮ್ಮನನ್ನು ನೋಡಿ ನಗುತ್ತಿದ್ದ. ಅವನಿಗೆ ನಾಚಿಕೆಯಾಯಿತು, ಅಳು ಬಂತು.

"ಹಾಗಾದ್ರೆ ಮನೆಗೆ ಬಾ," ಎಂದಳು ಅಮ್ಮ. "ನಾಳೇನೇ ಹೊರಡು. ಸಾಲ್ಟ್ ಲೇಕ್ ಏರ್‌ಪೋರ್ಟಿಗೆ ನಾನೇ ಬರ್ತೀನಿ ಕರ್ಕೊಂಡು ಬರೋಕೆ. ಊರು ಏನಾದ್ರೂ ಅಂದ್ಕೊಳ್ಳಲಿ."

ಅರ್ಧಕ್ಕೇ ವಾಪಸ್ ಬರುವುದೆಂದರೆ ಈ ಕಣಿವೆಯಲ್ಲಿ ಹೋಗದೆ ಉಳಿದದ್ದಕ್ಕಿಂತ ದೊಡ್ಡ ಅವಮಾನ. ಹೋಗದವನ ತಾಯಿಯನ್ನು ಹೇಗಿದ್ದಾನೆ ಎಂದಾದರೂ ಕೇಳುತ್ತಾರೆ, ಬಂದವನ ತಾಯಿಯನ್ನು ಏನೂ ಕೇಳುವುದಿಲ್ಲ. ಅದು ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ.

ಜೇರಮ್ ಜೋರಾಗಿಯೇ ಅತ್ತ. ಪಕ್ಕದಲ್ಲಿದ್ದ ಅವನ ಜೊತೆಗಾರ ಏನೋ ಕೇಳಿದ್ದು, ಇವನು ಏನಿಲ್ಲ ಎಂದದ್ದು ಕೇಳಿಸಿತು.

"ಲೋ ಜೇರಮ್," ಎಂದ ಥೇನ್, "ಬಾರೋ. ನಿನ್ನ ಕೋಣೆ ಹಾಗೇ ಇದೆ. ನಾನೂ ಲೋಗನ್‌ಗೆ ತಡವಾಗಿ ಹೋಗ್ತೀನಿ."

"ನಿಜವಾಗ್ಲೂ ಬರಬಹುದಾಮ್ಮ?" ಎಂದ ಜೇರಮ್. "ನೀನೇ ಹೇಳ್ತಿದೀಯಾ?"

"ನಾನೇ ಹೇಳ್ತಿದೀನಿ ಕಂದಾ."

ಜೇರಮ್ ಮೂಗು ಸೀಟಿಕೊಂಡ.

"ಶುಕ್ರವಾರ ಇಲ್ಲೊಬ್ಬರ ಮನೆ ಮಾಡು ಹಾಕ್ಕೊಡ್ತೀವಿ ಅಂತ ಮಾತು ಕೊಟ್ಟಿದೀನಿ. ಸೋರತ್ತೆ ಪಾಪ, ಒಳಗೆ ಆರು ಜನ," ಎಂದ. ಆಮೇಲೆ ಹೇಳಿದ, "ಬರಲ್ಲಮ್ಮ. ಹದಿನಾಲ್ಕು ತಿಂಗಳು ನಿನಗೋಸ್ಕರ ಇದ್ದೆ. ಇನ್ನು ಹತ್ತು ತಿಂಗಳಿದೆ. ಅದಷ್ಟೂ ನನಗೋಸ್ಕರ ಇರ್ತೀನಿ."